ಪದಚರ್ಚೆ: ಫುಟ್‌ಬಾಲಿನ ‘ಲಿಬೆರೊ’ಗೆ ‘ಬೆಂಗಾವಲು’ ಅಂದರೆ ಹೊಂದೀತೆ?

ಎಲ್ಲರಿಗೂ ನಮಸ್ಕಾರ.

ಇಟಲಿಯ ಹಳೆಯ ಫುಟ್‌ಬಾಲ್ ಆಟಗಾರ ಫ್ರಾಂಕೊ ಬರೇಸಿ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ತೊಡಕು. ‘ಎ.ಸಿ. ಮಿಲಾನ್ ತಂಡದ ಲಿಬೆರೊ’ ಅಂದರೆ ಫುಟ್‌ಬಾಲ್ ನೋಡುವ ಹಳಬರಿಗೆ ತಿಳಿಯುತ್ತದೆ, ಉಳಿದವರಿಗೆ ಇಲ್ಲ. ‘ರಕ್ಷಣಾ ಆಟಗಾರ’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಆ ಮನುಷ್ಯನ ವಿಶೇಷವೇ ಹೊರಟುಹೋಗುತ್ತದೆ. ‘ಉಕ್ಕಿನ ಗೋಡೆ’ ಅಂತ ಬರೆಯುವ ಚಾಳಿ ನಮ್ಮ ಕ್ರೀಡಾಪುಟಗಳಿಗೆ ಇದ್ದೇ ಇದೆ. ಬರೇಸಿ ಗೋಡೆಯಂತೂ ಅಲ್ಲ. ಎತ್ತರ 1.76 ಮೀಟರ್, ಸಣ್ಣ ಮೈಕಟ್ಟು. ಮಿಲಾನ್ ಊರಿನ ಆಡುಮಾತಿನಲ್ಲಿ ಅವರ ಅಡ್ಡಹೆಸರು ‘ಪಿಶಿನಿನ್’, ಅಂದರೆ ಪುಟ್ಟ. ಸಾಲದ್ದಕ್ಕೆ ಫುಟ್‌ಬಾಲಿನಲ್ಲಿ ಗೋಡೆ ಅಂದರೆ ಫ್ರೀಕಿಕ್ ಹೊತ್ತಿನಲ್ಲಿ ಸಾಲಾಗಿ ನಿಲ್ಲುವ ಆಟಗಾರರು. ಕ್ರಿಕೆಟಿನ ಗೋಡೆಯನ್ನಂತೂ ನಮ್ಮವರು ದ್ರಾವಿಡ್ ಹೆಸರಿಗೆ ಬರೆದುಕೊಟ್ಟು ಎಷ್ಟೋ ವರ್ಷ ಆಯ್ತು.

ಲಿಬೆರೊ ಅಂದರೆ ಇಟಾಲಿಯನ್‌ನಲ್ಲಿ ‘ಬಿಡುವಾಗಿರುವವನು’, ‘ಸ್ವತಂತ್ರ’. ಈ ಪದವನ್ನು ಫುಟ್‌ಬಾಲಿಗೆ ತಂದವರು ಪತ್ರಕರ್ತ ಜನ್ನಿ ಬ್ರೇರಾ ಅಂತ ಇಟಲಿಯವರು ಹೇಳುತ್ತಾರೆ. ಹಾಗಂತ ಕನ್ನಡದಲ್ಲಿ ‘ಸ್ವತಂತ್ರ ಆಟಗಾರ’ ಅನ್ನೋಣ ಅಂದರೆ ದೊಡ್ಡ ಎಡವಟ್ಟು. ಇವತ್ತಿನ ಓದುಗರಿಗೆ ಅದು ಕ್ಲಬ್ ಜೊತೆ ಒಪ್ಪಂದ ಮುಗಿದು, ಯಾವ ತಂಡಕ್ಕೆ ಬೇಕಾದರೂ ಹೋಗಬಲ್ಲ ಆಟಗಾರ ಅಂತಲೇ ಕೇಳಿಸುತ್ತದೆ. ಬರೇಸಿ ಇಪ್ಪತ್ತು ವರ್ಷ ಒಂದೇ ಕ್ಲಬ್ಬಿಗೆ 719 ಪಂದ್ಯ ಆಡಿದವರು. ಬೆಟ್ಟಿಂಗ್ ಹಗರಣದಿಂದ 1980ರಲ್ಲಿ ಮಿಲಾನ್ ಎರಡನೇ ದರ್ಜೆಗೆ ಬಿತ್ತು. 1982ರಲ್ಲಿ ಮೈದಾನದಲ್ಲೇ ಸೋತು ಮತ್ತೊಮ್ಮೆ ಬಿತ್ತು. ಎರಡೂ ಸಲ ಬರೇಸಿ ಬಿಟ್ಟು ಹೋಗಲಿಲ್ಲ. ಅಂಥವರನ್ನು ‘ಸ್ವತಂತ್ರ ಆಟಗಾರ’ ಅಂತ ಕರೆದರೆ ನಗೆಪಾಟಲು, ಅಲ್ವಾ?

ಹಾಗಾದರೆ ಇಲ್ಲಿ ಬಿಡುವು ಯಾವುದರಿಂದ? ಹಳೆಯ ಇಟಲಿ ಪದ್ಧತಿಯಲ್ಲಿ ಹಿಂದಿನ ಸಾಲಿನ ಒಬ್ಬೊಬ್ಬರೂ ಎದುರಾಳಿಯ ಒಬ್ಬೊಬ್ಬರನ್ನು ಹಿಡಿಯಬೇಕು. ಆಳಿಗೆ ಆಳು. ಆತ ನೀರು ಕುಡಿಯೋಕೆ ಹೋದರೂ ನೀನು ಹಿಂದೆ ಹೋಗು ಅನ್ನುವಷ್ಟು. ಇವರೆಲ್ಲರ ಬೆನ್ನಿಗೆ, ಗೋಲ್‌ಕೀಪರ್ ಮುಂದೆ, ಇನ್ನೊಬ್ಬ ನಿಲ್ಲುತ್ತಾನೆ. ಅವನಿಗೆ ಹಿಡಿಯಲು ಆಳಿಲ್ಲ. ಮುಂದಿನವರನ್ನು ತಪ್ಪಿಸಿಕೊಂಡು ಬಂದ ಚೆಂಡನ್ನು ದೂರ ಒದೆಯುವುದಷ್ಟೇ ಅವನ ಕೆಲಸ. ಅದಕ್ಕೇ ಇಟಾಲಿಯನ್‌ನಲ್ಲಿ ಅವನ ಪೂರ್ತಿ ಹೆಸರು ‘ಬತ್ತಿತೋರೆ ಲಿಬೆರೊ’: ಬಿಡುವಾಗಿದ್ದು ಹೊಡೆಯುವವ. ಅವನ ಮುಂದೆ ನಿಂತು ಎದುರಾಳಿಯ ಸೆಂಟರ್ ಫಾರ್ವರ್ಡನ್ನು ಹಿಡಿಯುವವನಿಗೆ ಇಟಲಿಯವರು ಇಂಗ್ಲಿಷಿನ ‘ಸ್ಟಾಪರ್’ ಪದವನ್ನೇ ಇಟ್ಟುಕೊಂಡರು. ನಮ್ಮ ಭಾರತದ ಫುಟ್‌ಬಾಲಿನಲ್ಲೂ ಸ್ಟಾಪರ್ ಹಳೆಯ ಪದ. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಜರ್ನೈಲ್ ಸಿಂಗ್ ಸ್ಟಾಪರ್ ಅಂತಲೇ ಹೆಸರಾದವರು. ಹಾಗಾಗಿ ಲಿಬೆರೊಗೆ ಸ್ಟಾಪರ್ ಅಂತ ಬರೆದು ಕೈ ತೊಳೆದುಕೊಳ್ಳೋ ಹಾಗಿಲ್ಲ. ಇಬ್ಬರೂ ಬೇರೆ ಬೇರೆ.

ಈ ಇಡೀ ಪದ್ಧತಿಗೆ ‘ಕತೆನಚ್ಚೊ’ ಅಂತ ಹೆಸರು. ಕತೇನ ಅಂದರೆ ಸರಪಳಿ. ಕತೆನಚ್ಚೊ ಅಂದರೆ ಬಾಗಿಲು ಭದ್ರ ಮಾಡುವ ಚಿಲಕ. ಹಾಗೆ ನೋಡಿದರೆ ಈ ಚಿಲಕ ಹುಟ್ಟಿದ್ದು ಇಟಲಿಯಲ್ಲಿ ಅಲ್ಲ. 1930ರ ದಶಕದಲ್ಲಿ ಆಸ್ಟ್ರಿಯಾದ ಕಾರ್ಲ್ ರಾಪನ್ ಸ್ವಿಟ್ಜರ್ಲೆಂಡಿನಲ್ಲಿ ಇಂಥದ್ದನ್ನೇ ಕಟ್ಟಿದ್ದರು. ಅಲ್ಲಿ ಅದರ ಹೆಸರು ‘ವೆರೂ’, ಫ್ರೆಂಚಿನಲ್ಲಿ ಅದೂ ಚಿಲಕವೇ. ಇಟಲಿಯಲ್ಲಿ ನೆರೆಯೊ ರೊಕ್ಕೊ ಇದನ್ನು ಬೆಳೆಸಿದರು. (ಉತ್ತರ ಕರ್ನಾಟಕದವರು ಈ ಹೆಸರಿಗೆ ನಗಬಾರದು.) ಮಿಲಾನ್ ಊರಿನ ಇನ್ನೊಂದು ತಂಡ ಇಂಟರ್‌ನ ಕೋಚ್ ಹೆಲೇನಿಯೊ ಹೆರೆರಾ ಇದನ್ನೇ ಹಿಡಿದು 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದರು. ನನಗೆ ‘ಅಗುಳಿ’ ಇಷ್ಟ. ಹಳೆ ಮನೆಯ ದೊಡ್ಡ ಬಾಗಿಲಿನ ಹಿಂದೆ ಅಡ್ಡ ಹಾಕುವ ಮರದ ಪಟ್ಟಿ. ಅದೂ ಬಾಗಿಲಿನ ಹಿಂದೆಯೇ ಇರುತ್ತದೆ, ಲಿಬೆರೊ ಥರ. ‘ಅಗುಳಿ ಆಟ’ ಅಂದರೆ ಒಂದೇ ಏಟಿಗೆ ತಿಳಿಯುತ್ತದೆ ಅಂತ ನನ್ನ ಅನಿಸಿಕೆ. ಚಿಲಕ ಜಾಸ್ತಿ ಜನರಿಗೆ ಗೊತ್ತು ಅಂತ ಯಾರಾದರೂ ಹೇಳಿದರೆ ಜಗಳವಿಲ್ಲ.

ಈಗ ಬೆಂಗಾವಲು. ಬೆನ್ + ಕಾವಲು, ಬೆನ್ನ ಹಿಂದಿನ ಕಾವಲು. ಹೆರೆರಾ ತಂಡದ ಲಿಬೆರೊ ಮತ್ತು ನಾಯಕ ಅರ್ಮಾಂದೊ ಪಿಕ್ಕಿ ಮಾಡುತ್ತಿದ್ದದ್ದು ಅಕ್ಷರಶಃ ಇದನ್ನೇ. ಎಲ್ಲರ ಬೆನ್ನಿಗೆ ನಿಂತು ಕಾಯುವುದು. ಪಕ್ಕದಲ್ಲಿದ್ದ ಫಕ್ಕೆತ್ತಿ ಓಡಿಹೋಗಿ ಗೋಲು ಹೊಡೆದು ಬರುತ್ತಿದ್ದರು, ಪಿಕ್ಕಿ ಹಿಂದೆಯೇ ಉಳಿಯುತ್ತಿದ್ದರು. ಇಂಗ್ಲಿಷರ ‘ಸ್ವೀಪರ್’ ಅಂದರೆ ಕಸ ಗುಡಿಸುವವ. ಅದಕ್ಕಿಂತ ಬೆಂಗಾವಲು ಎಷ್ಟೋ ಘನವಾದ ಪದ. ತೊಂದರೆ ಒಂದೇ: ಈಗ ಬೆಂಗಾವಲು ಅಂದರೆ ಮಂತ್ರಿಗಳ ಕಾರಿನ ಮುಂದೆ ಹಿಂದೆ ಸೈರನ್ ಹಾಕಿಕೊಂಡು ಓಡುವ ವಾಹನಗಳು. ಅದೇನೂ ದೊಡ್ಡ ತೊಂದರೆ ಅಲ್ಲ, ಸಂದರ್ಭ ನೋಡಿಕೊಂಡು ಓದುಗರು ತಿಳಿದುಕೊಳ್ಳುತ್ತಾರೆ.

ನಿಜವಾದ ತೊಡಕು ಪಿಕ್ಕಿ ಆದಮೇಲೆ. ಜರ್ಮನಿಯ ಬೆಕನ್‌ಬಾವರ್ ಈ ಜಾಗದಿಂದ ಚೆಂಡು ಹಿಡಿದು ಮುಂದೆ ನಡೆದರು. ಇಟಲಿಯಲ್ಲಿ ಯುವೆಂಟಸ್‌ನ ಗಯೆತಾನೊ ಶಿರೇಯ ಅದನ್ನು ಇನ್ನೂ ನಯ ಮಾಡಿದರು. 1982ರ ವಿಶ್ವಕಪ್ ಫೈನಲ್‌ನ ಎರಡನೇ ಗೋಲು ನೋಡಿ. ಗೋಲು ಹೊಡೆದ ತಾರ್ದೆಲ್ಲಿ ಕೂಗುತ್ತಾ ಓಡಿದ್ದು ಎಲ್ಲರಿಗೂ ನೆನಪಿದೆ. ಆದರೆ ಅದಕ್ಕೆ ಮುಂಚೆ ಪಶ್ಚಿಮ ಜರ್ಮನಿಯ ಪೆನಾಲ್ಟಿ ಬಾಕ್ಸಿನಲ್ಲಿ ಬೆರ್ಗೊಮಿ ಜೊತೆ ಚೆಂಡು ಕೊಟ್ಟು ತಗೊಂಡು, ಕೊನೆಗೆ ತಾರ್ದೆಲ್ಲಿಗೆ ತಳ್ಳಿದ್ದು ಯಾರು? ಶಿರೇಯ, ತಂಡದ ಲಿಬೆರೊ! ಎದುರಾಳಿ ಗೋಲಿನ ಬಳಿ ನಿಂತವನನ್ನು ಬೆಂಗಾವಲು ಅಂತ ಹೇಗೆ ಕರೆಯೋದು? ಪದ ಅದೇ, ಬಿಡುವು ಅನ್ನುವುದರ ಅರ್ಥ ಮಾತ್ರ ತಿರುಗಿಬಿಟ್ಟಿದೆ. ಮೊದಲು ಯಾರನ್ನೂ ಹಿಡಿಯಬೇಕಿಲ್ಲ ಅನ್ನುವ ಬಿಡುವು. ಈಗ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವ ಬಿಡುವು.

ಆ ವಿಶ್ವಕಪ್ ತಂಡದಲ್ಲಿ 22 ವರ್ಷದ ಬರೇಸಿಯೂ ಇದ್ದರು. ಇಡೀ ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ, ಪದಕ ಸಿಕ್ಕಿತು. 1986ರ ತಂಡಕ್ಕಂತೂ ಆಯ್ಕೆಯೇ ಆಗಲಿಲ್ಲ. ಅಣ್ಣ ಜುಸೆಪ್ಪೆ ಹೋದರು. ಬ್ರೆಶಾ ಸೀಮೆಯ ತ್ರವಲ್ಯಾತೊ ಎಂಬ ಸಣ್ಣ ಊರಿನ ಈ ಅಣ್ಣತಮ್ಮಂದಿರಲ್ಲಿ ದೊಡ್ಡವನನ್ನು ಇಂಟರ್ ತೆಗೆದುಕೊಂಡಿತ್ತು, ಚಿಕ್ಕವನನ್ನು ಬೇಡ ಅಂದಿತ್ತು. ಚಿಕ್ಕವನು ಇಂಟರ್‌ನ ಊರಿನದೇ ಎದುರಾಳಿ ತಂಡ ಎ.ಸಿ. ಮಿಲಾನ್‌ಗೆ ಹೋದ. ಇಂಟರ್‌ನವರು ಆಮೇಲೆ ಎಷ್ಟು ಸಲ ಹಲುಬಿದರೋ.

1987ರಲ್ಲಿ ಅರ್ರಿಗೊ ಸಕ್ಕಿ ಮಿಲಾನ್ ಕೋಚ್ ಆಗಿ ಬಂದರು. ನನ್ನ ಪ್ರಶ್ನೆ ಬಿಗಿಯಾಗುವುದು ಇಲ್ಲೇ. ಸಕ್ಕಿ ಆಳಿಗೆ ಆಳು ಪದ್ಧತಿಯನ್ನೇ ಕಿತ್ತುಹಾಕಿದರು. ಇನ್ನು ಮುಂದೆ ಕಾಯುವುದು ಆಳನ್ನಲ್ಲ, ಜಾಗವನ್ನು. ತಸ್ಸೊತ್ತಿ, ಕೊಸ್ತಕುರ್ತ, ಬರೇಸಿ, ಮಲ್ದೀನಿ, ನಾಲ್ವರೂ ಒಂದೇ ಗೆರೆಯಲ್ಲಿ. ಆ ಗೆರೆ ಗೋಲಿನ ಹತ್ತಿರ ಅಲ್ಲ, ಮೈದಾನದ ನಡುಗೆರೆಯ ಕಡೆಗೆ ಏರಿ ನಿಲ್ಲುತ್ತಿತ್ತು. ಯಾರ ಬೆನ್ನಿಗೂ ಯಾರೂ ಇಲ್ಲ. ಎದುರಾಳಿ ಚೆಂಡು ಕಳಿಸುವ ಕ್ಷಣಕ್ಕೆ ಸರಿಯಾಗಿ ನಾಲ್ವರೂ ಒಂದು ಹೆಜ್ಜೆ ಮುಂದೆ. ಬರೇಸಿಯ ಕೈ ಮೇಲೆ. ಎದುರಾಳಿ ಫಾರ್ವರ್ಡ್ ಗೆರೆಯ ಆಚೆ ಸಿಕ್ಕಿಬಿದ್ದು ಆಫ್‌ಸೈಡ್, ಅಂದರೆ ಆ ಚೆಂಡನ್ನು ಅವನು ಆಡುವಂತಿಲ್ಲ. ಆ ಹೆಜ್ಜೆ ಯಾವಾಗ ಇಡಬೇಕು ಅಂತ ತೀರ್ಮಾನಿಸುವವರು ಬರೇಸಿ. ಅರ್ಧ ಸೆಕೆಂಡ್ ತಡವಾದರೆ ಗೋಲ್‌ಕೀಪರ್ ಮುಂದೆ ಎದುರಾಳಿ ಒಬ್ಬನೇ. 1987-88ರಲ್ಲಿ 30 ಪಂದ್ಯಗಳ ಲೀಗ್‌ನಲ್ಲಿ ಮಿಲಾನ್ ಬಿಟ್ಟುಕೊಟ್ಟದ್ದು 14 ಗೋಲು. 1989ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಸ್ಟೆಯುವಾ ಬುಕಾರೆಸ್ಟ್ ವಿರುದ್ಧ 4-0. ಮರುವರ್ಷ ಬೆನ್ಫಿಕಾ ವಿರುದ್ಧ 1-0. ಕಪೆಲ್ಲೊ ಕೋಚ್ ಆದಮೇಲೆ 1993-94ರಲ್ಲಿ 34 ಪಂದ್ಯಕ್ಕೆ 15 ಗೋಲು. ಆ ವರ್ಷ ಮಿಲಾನ್ ಹೊಡೆದದ್ದೂ ಬರೀ 36. ಆದರೂ ಚಾಂಪಿಯನ್.

ಹಾಗಾದರೆ ಬರೇಸಿ ಲಿಬೆರೊನಾ? ಪಿಕ್ಕಿ ಅರ್ಥದಲ್ಲಿ ಅಲ್ಲವೇ ಅಲ್ಲ. ಗೆರೆಯ ಹಿಂದೆ ನಿಂತರೆ ಸಕ್ಕಿಯ ಆಫ್‌ಸೈಡ್ ಲೆಕ್ಕವೇ ಕೆಡುತ್ತದೆ. ಆದರೆ ಅಪಾಯ ಮೊದಲೇ ಓದಿ ನುಗ್ಗುವುದು, ಕಸಿದ ಚೆಂಡನ್ನು ಹಿಡಿದು ನಡುಮೈದಾನಕ್ಕೆ ನಡೆಯುವುದು, ಅಲ್ಲಿಂದ ಆಟ ಕಟ್ಟುವುದು, ಇವೆಲ್ಲ ಶಿರೇಯ ಬಿಟ್ಟುಹೋದ ಕಸುಬೇ. ಇಟಲಿಯವರು ಅವರನ್ನು ಕೊನೆಯವರೆಗೂ ಲಿಬೆರೊ ಅಂತಲೇ ಕರೆದರು. ನನ್ನ ಮಟ್ಟಿಗೆ ಬರೇಸಿ ದೊಡ್ಡವರಾಗುವುದು ಇದೇ ಕಾರಣಕ್ಕೆ. ಲಿಬೆರೊ ಅನ್ನುವ ಜಾಗವೇ ಇಲ್ಲದ ಪದ್ಧತಿಯಲ್ಲಿ ಲಿಬೆರೊ ಆಗಿ ಆಡಿದರು. ಅವರ ನಂತರ ಎಲ್ಲ ಕಡೆ ನಾಲ್ವರ ಗೆರೆಯೇ ರೂಢಿಯಾಯಿತು, ಹಳೆ ಬೆಂಗಾವಲು ಕೆಲಸಕ್ಕೆ ಜನ ಬೇಡವಾದರು. 1994ರ ವಿಶ್ವಕಪ್‌ನಲ್ಲಿ ಜೂನ್ 23ರಂದು ನಾರ್ವೆ ವಿರುದ್ಧ ಬರೇಸಿಯ ಮಂಡಿ ಕೆಟ್ಟಿತು, ಶಸ್ತ್ರಚಿಕಿತ್ಸೆ ಆಯಿತು. ಜುಲೈ 17ಕ್ಕೆ ಪಾಸಡೇನಾದ ಬಿಸಿಲಲ್ಲಿ ಫೈನಲ್ ಆಡಲು ಇಳಿದರು, 34ನೇ ವಯಸ್ಸಿನಲ್ಲಿ! 120 ನಿಮಿಷ ಬ್ರೆಜಿಲ್‌ನ ರೊಮಾರಿಯೊ, ಬೆಬೆಟೊಗೆ ಒಂದು ಗೋಲೂ ಸಿಗಲಿಲ್ಲ. ಆಮೇಲೆ ಪೆನಾಲ್ಟಿ ಶೂಟೌಟ್. ಮೊದಲ ಪೆನಾಲ್ಟಿ ಬರೇಸಿಯದೇ, ಅಡ್ಡಕಂಬದ ಮೇಲಿಂದ ಹೋಯಿತು. ಜಗತ್ತು ಮಾತ್ರ ಇಟಲಿಯ ಬಜ್ಜೊ ಗುರಿ ತಪ್ಪಿ ಒದ್ದ ಕೊನೆಯ ಪೆನಾಲ್ಟಿಯನ್ನೇ ಹಿಡಿದುಕೊಂಡಿದೆ. 1997ರಲ್ಲಿ ನಿವೃತ್ತಿ ಆದಾಗ ಮಿಲಾನ್ ಅವರ 6ನೇ ನಂಬರಿನ ಅಂಗಿಯನ್ನೂ ನಿವೃತ್ತಿ ಮಾಡಿತು.

ಇದರ ಜೊತೆ ಇನ್ನೊಂದು ಗೋಜಲು. ವಾಲಿಬಾಲ್ ಆಡುವವರಿಗೆ ಲಿಬೆರೊ ಆಗಲೇ ಗೊತ್ತು. 1998ರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಬಂದ, ಬೇರೆ ಬಣ್ಣದ ಅಂಗಿ ತೊಟ್ಟ, ಹಿಂದೆ ನಿಂತು ಚೆಂಡು ಎತ್ತುವ ಆಟಗಾರ. ನಮ್ಮ ಹಳ್ಳಿಗಳಲ್ಲಿ ಫುಟ್‌ಬಾಲಿಗಿಂತ ವಾಲಿಬಾಲ್ ಜಾಸ್ತಿ. ಲಿಬೆರೊ ಅಂತ ಬರೆದರೆ ಹಲವರಿಗೆ ಮೊದಲು ಹೊಳೆಯುವುದು ಅದೇ. ಆದರೂ ಆ ಪದ ಕಿವಿಗೆ ಹೊಸದಲ್ಲ ಅನ್ನುವುದೂ ಒಂದು ಅನುಕೂಲವೇ.

ಬರವಣಿಗೆಯ ಬಗ್ಗೆಯೂ ಕೇಳಬೇಕು. ಇಟಾಲಿಯನ್‌ನಲ್ಲಿ ಈ ಪದದ ಒತ್ತು ಮೊದಲ ಅಕ್ಷರಕ್ಕೆ ಬೀಳುತ್ತದೆ, ಕೇಳಿಸುವುದು ‘ಲೀಬೆರೊ’. ಬರೇಸಿಯ ‘ಸಿ’ ಕೂಡ ‘ಜಿ’ ಕಡೆಗೆ ವಾಲುತ್ತದೆ. ಅಷ್ಟು ಹಟ ಬೇಡ ಅಂತ ಲಿಬೆರೊ, ಬರೇಸಿ ಅಂತಲೇ ಇಟ್ಟಿದ್ದೇನೆ. ಆದರೆ ಒತ್ತಕ್ಷರದ ವಿಷಯದಲ್ಲಿ ರಾಜಿ ಬೇಡ. ಸಕ್ಕಿ, ಪಿಕ್ಕಿ, ಬಜ್ಜೊ, ಕತೆನಚ್ಚೊ. ಇಟಾಲಿಯನ್‌ನ ಜೋಡಿ ವ್ಯಂಜನಗಳು ಕನ್ನಡದಲ್ಲಿ ಸಲೀಸಾಗಿ ಕೂರುತ್ತವೆ. ಇಂಗ್ಲಿಷ್ ಮೂಲಕ ಹೋಗಿ ‘ಸಾಚಿ’, ‘ಬ್ಯಾಗಿಯೊ’ ಅಂತ ಬರೆಯೋದು ಸುಮ್ನೆ ಸುತ್ತು ದಾರಿ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಪಿಕ್ಕಿ ಕಾಲದ ಕೆಲಸಕ್ಕೆ ಬೆಂಗಾವಲು, ಶಿರೇಯ ಮತ್ತು ಬರೇಸಿಗೆ ಲಿಬೆರೊ, ಪದ್ಧತಿಗೆ ಅಗುಳಿ ಆಟ. ಒಂದೇ ಇಟಾಲಿಯನ್ ಪದಕ್ಕೆ ಎರಡು ಪದ ಬಳಸುವುದು ಸರಿಯೇ ಅನ್ನುವುದು ಮುಖ್ಯ ಪ್ರಶ್ನೆ. ಎರಡನೆಯದು, ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟು ಎದುರಾಳಿಯನ್ನು ಸಿಕ್ಕಿಸುವ ಆ ಉಪಾಯಕ್ಕೆ, ಅಂದರೆ ‘ಆಫ್‌ಸೈಡ್ ಟ್ರ್ಯಾಪ್’ಗೆ, ಏನನ್ನೋಣ? ಕೆಲವರು ಬಲೆ ಅನ್ನುತ್ತಾರೆ, ಆದರೆ ಗೋಲಿನ ಬಲೆ ಬೇರೆ ಇದೆಯಲ್ಲ. ‘ಚೆಂಡು ಬಲೆಗೆ ಬಿತ್ತು’, ‘ಆಟಗಾರ ಬಲೆಗೆ ಬಿದ್ದ’ ಎರಡೂ ಒಂದೇ ವರದಿಯಲ್ಲಿ ಬಂದರೆ ಕಷ್ಟ. ಬೋನು? ಉರುಲು? ಬೋನು ಒಂದೇ ಕಡೆ ನಿಂತಿರುತ್ತದೆ, ಬರೇಸಿಯ ಗೆರೆ ನಡೆಯುತ್ತಿತ್ತು. ಹಾಗಾಗಿ ಉರುಲಿನ ಕಡೆ ಮನಸ್ಸು ವಾಲುತ್ತಿದೆ.

ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಕಡೆ ಫುಟ್‌ಬಾಲ್ ಆಡಿದವರು, ಮಂಗಳೂರಿನವರು, ಈ ಗುಂಪಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಹಿಂದೆ ಒಬ್ಬನೇ ಉಳಿಯುವವನನ್ನು ಮೈದಾನದಲ್ಲಿ ಏನಂತ ಕೂಗುತ್ತಿದ್ದಿರಿ? ತಮಿಳೋ, ತುಳುವೋ, ಕನ್ನಡವೋ, ಯಾವುದಾದರೂ ಸರಿ.