ಕಾರ್ಖಾನೆಯೇ ಇಲ್ಲದ ನಮ್ಮೂರಲ್ಲಿ ಮಾರ್ಕ್ಸ್ ಓದಿ ಎಂತ ಮಾಡುವುದು?

ಪೆರ್ಲದ ಹುಡುಗ:
ಎಲ್ಲರಿಗೂ ನಮಸ್ಕಾರ. ಈ ಮಳೆಗಾಲ ತೋಟದಲ್ಲಿ ಜಾಸ್ತಿ ಕೆಲಸ ಇರಲಿಲ್ಲ. ಹಾಗಾಗಿ ಮಾರ್ಕ್ಸ್‌ನ ‘ಬಂಡವಾಳ’ದ ಮೊದಲ ಸಂಪುಟ ಹಿಡಿದು ಕೂತೆ. 1867ರ ಪುಸ್ತಕ. ಹತ್ತಿ ಗಿರಣಿ, ರಾತ್ರಿಯಿಡೀ ರೊಟ್ಟಿ ಸುಡುವ ಲಂಡನ್ನಿನ ಬೇಕರಿಯವರು, ದಿನದ ಕೆಲಸಕ್ಕೆ ಮಿತಿ ಹಾಕಿದ 1847ರ ಹತ್ತು ಗಂಟೆ ಕಾನೂನು, ಹೀಗೆ ಪುಟಗಟ್ಟಲೆ ಇದೆ. ಓದಲಿಕ್ಕೆ ಕಷ್ಟ, ಬಿಡಲಿಕ್ಕೂ ಮನಸ್ಸಿಲ್ಲ.

ಸಂಶಯ ಇಷ್ಟೇ. ನಮ್ಮ ಕಾಸರಗೋಡು ಕಡೆ ಕಾರ್ಖಾನೆ ಎಲ್ಲಿದೆ? ನನ್ನ ಅಜ್ಜ ಗೇಣಿ ಒಕ್ಕಲು. 1970ರಲ್ಲಿ ಕೇರಳದಲ್ಲಿ ಗೇಣಿ ಹೋಯಿತು, ಒಂದೂವರೆ ಎಕ್ರೆ ಸ್ವಂತದ್ದಾಯಿತು. ಅಪ್ಪ ಅದರಲ್ಲಿ ಅಡಿಕೆ ಹಾಕಿದರು. ಈಗ ಕೆಲಸಕ್ಕೆ ಜನ ಕರೆಯುವವರು ನಾವು, ಬರುವವರು ಬಂಗಾಳ, ಅಸ್ಸಾಮಿನವರು. ಮದ್ದು ಬಿಡಲು ಮರ ಹತ್ತುವವರು ಮಾತ್ರ ಊರವರು, ಅವರ ಕೂಲಿ ಕೇಳಿದಾಗೆಲ್ಲ ಅಪ್ಪ ಗೊಣಗುತ್ತಾರೆ. ಹಾಗಾದರೆ ಈ ಪುಸ್ತಕದಲ್ಲಿ ನಾವು ಯಾರು? ಸಣ್ಣ ಸೈಜಿನ ದಣಿಗಳಾ? ಅಜ್ಜಿ ಬೀಡಿ ಕಟ್ಟುತ್ತಿದ್ದರು. ತಮ್ಮ ಮಂಗಳೂರಿನಲ್ಲಿ ಬೈಕಿನಲ್ಲಿ ಊಟ ಮುಟ್ಟಿಸುತ್ತಾನೆ. ಆ್ಯಪಿನಲ್ಲಿ ಅವನ ಹೆಸರು ‘ಪಾರ್ಟ್‌ನರ್’. ಪಾರ್ಟ್‌ನರ್ ಅಂತೆ, ಪೆಟ್ರೋಲ್ ಅವನದ್ದೇ.

ಹೊಸದಾಗಿ ಒಂದು ಸಮಾಜವಾದಿ ಚಳವಳಿ ಹುಟ್ಟುವುದಾದರೆ ಯಾರಿಂದ ಹುಟ್ಟಬೇಕು? ಯಾವ ಪಕ್ಷದ ಭಾಷಣವನ್ನೂ ದಯವಿಟ್ಟು ಇಲ್ಲಿ ತಂದು ಹಾಕಬೇಡಿ.

ತೋಟದವ, ಬದಿಯಡ್ಕ:
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಮಾರಾಯ್ರೆ. ಭೂಮಿ ಸಿಕ್ಕಿತು, ಕೆಲಸ ಮುಗಿಯಿತು. ಅದೂ ಕೆಂಪು ಬಾವುಟದಿಂದಲೇ ಆಗಬೇಕು ಅಂತ ಇರಲಿಲ್ಲ. ಗಡಿ ದಾಟಿ ಕರ್ನಾಟಕದ ವಿಟ್ಲಕ್ಕೆ ಹೋಗಿ ಕೇಳಿ. ಅಲ್ಲಿ ದೇವರಾಜ ಅರಸು ಕಾಲದ 1974ರ ಕಾನೂನಿನಲ್ಲಿ ಡಿಕ್ಲರೇಶನ್ ಕೊಟ್ಟು ಒಕ್ಕಲುಗಳು ಭೂಮಿ ಮಾಡಿಕೊಂಡರು. ನನ್ನ ಮಾವನ ಮನೆಯವರೇ ಹಾಗೆ. ಅಡಿಕೆಗೆ ರೇಟು ಬಿದ್ದಾಗ ನಮ್ಮನ್ನು ಉಳಿಸಿದ್ದು 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ, ಮಾರ್ಕ್ಸ್ ಅಲ್ಲ.

ಸರ್ಕಾರವೇ ಒಡೆಯ ಆದರೆ ಎಲ್ಲ ಸರಿ ಆಗುತ್ತದೆ ಅಂತ ಹೇಳುವವರು ಒಮ್ಮೆ ಎಣ್ಮಕಜೆಗೆ ಬರಲಿ. ಗೇರು ತೋಟ ಸರ್ಕಾರದ್ದೇ. ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಬಿಟ್ಟರು. ಬಂಗಾಳವನ್ನು 1977ರಿಂದ 2011ರ ವರೆಗೆ ಎಡರಂಗ ಆಳಿತು. ಅಲ್ಲಿನ ಹುಡುಗರು ಕೆಲಸ ಹುಡುಕಿಕೊಂಡು ನಮ್ಮ ತೋಟಕ್ಕೆ ಬರುತ್ತಾರೆ. ಇನ್ನೆಂತ ಹೇಳಬೇಕು?

ಹಳೇ ಬ್ರಾಂಚು:
ಪೆರ್ಲದ ಹುಡುಗನಿಗೆ ಒಂದು ಮಾತು. ನೀನು ಗಿರಣಿ ಪುಟಗಳಲ್ಲಿ ಸಿಕ್ಕಿಬಿದ್ದಿದ್ದೀ. ಮುಂದೆ ಹೋಗು, ಪೀಸ್ ರೇಟಿನ ಬಗ್ಗೆ ಒಂದು ಸಣ್ಣ ಅಧ್ಯಾಯ ಇದೆ. ಅದನ್ನು ಓದಿದರೆ ನಿನ್ನ ಅಜ್ಜಿ ಸಿಗುತ್ತಾರೆ. ಲೆಕ್ಕದ ಮೇಲೆ ಕೂಲಿ ಕೊಟ್ಟರೆ ಧಣಿಗೆ ಮೇಸ್ತ್ರಿಯೇ ಬೇಡ, ಕೆಲಸದವನೇ ತನ್ನ ಬೆನ್ನ ಮೇಲೆ ತಾನು ಕೂತು ಓಡಿಸಿಕೊಳ್ಳುತ್ತಾನೆ. ನಡುವೆ ಕಂತ್ರಾಟುದಾರ ಸೇರಿಕೊಳ್ಳುತ್ತಾನೆ. ಸರಿ ಇಲ್ಲ ಅಂತ ಹೇಳಿ ಮಾಲು ತಳ್ಳಿಹಾಕಿ ಕೂಲಿ ಕತ್ತರಿಸಬಹುದು. ಇದೆಲ್ಲ ಮಾರ್ಕ್ಸ್ ಅಲ್ಲಿ ಬರೆದದ್ದೇ, ಮಾತು ಮಾತ್ರ ನನ್ನದು. ಸಾವಿರ ಬೀಡಿಗೆ ಇಷ್ಟು ಅಂತ ಕಟ್ಟಿ ಕೊಂಡುಹೋದರೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಒಂದು ಹಿಡಿ ತೆಗೆದು ಬಿಸಾಡುತ್ತಿದ್ದರಲ್ಲ, ಅದು ನೆನಪಾಯಿತು. ಈಗ ನಿನ್ನ ತಮ್ಮನಿಗೆ ಒಂದು ಆರ್ಡರಿಗೆ ಇಷ್ಟು, ಗಿರಾಕಿ ಸ್ಟಾರ್ ಕಡಿಮೆ ಕೊಟ್ಟರೆ ಕಷ್ಟ. ಅಜ್ಜಿಯದ್ದೂ ಮೊಮ್ಮಗನದ್ದೂ ಒಂದೇ ಕೂಲಿ. ನಡುವೆ ನಿನ್ನ ಅಪ್ಪನಿಗೆ ಮಾತ್ರ ಸ್ವಲ್ಪ ಅಡಿಕೆ ನೆರಳು.

ತೋಟದವರು ಕೆಲಸ ಮುಗಿಯಿತು ಅಂದರು. ನಾನು ಆಗ ಹೊಸದುರ್ಗದ ಕಡೆ ಬೀಡಿ ಕಟ್ಟುವ ಹುಡುಗ. 1966ರಲ್ಲಿ ಬೀಡಿ ಕಾರ್ಮಿಕರ ಕಾನೂನು ಬಂತು. ಇಲ್ಲಿ ಅದನ್ನು ಜಾರಿ ಮಾಡುವಾಗ ಮಂಗಳೂರಿನ ದೊಡ್ಡ ಕಂಪನಿ 1968ರಲ್ಲಿ ಬ್ರಾಂಚು ಮುಚ್ಚಿ ಹೋಯಿತು. ಕಣ್ಣೂರು ಜಿಲ್ಲೆಯಲ್ಲಿ ಸಾವಿರಾರು ಜನ ಬೀದಿಗೆ ಬಿದ್ದರು (ನಮ್ಮ ಹೊಸದುರ್ಗ ಆಗ ಆ ಜಿಲ್ಲೆಯದ್ದೇ). ಮಾರನೇ ವರ್ಷ ಅವರೇ ಸೇರಿ ದಿನೇಶ್ ಬೀಡಿ ಸಹಕಾರಿ ಸಂಘ ಮಾಡಿದರು. ಒಂದು ಕಾಲದಲ್ಲಿ ಕೆಲಸದವರು 40 ಸಾವಿರ ದಾಟಿದ್ದರು. ಬೀಡಿ ಸೇದುವವರು ಕಡಿಮೆಯಾದ ಮೇಲೆ ಕೊಡೆ, ತಿಂಡಿ ಪದಾರ್ಥ, ಕಂಪ್ಯೂಟರ್ ಕೆಲಸ ಅಂತ ತಿರುಗಿದರು. ಈಗ ಅಂದಿನ ಗಾತ್ರ ಇಲ್ಲ, ಸುಳ್ಳು ಯಾಕೆ ಹೇಳಲಿ.

ಸಹಕಾರಿ ಅಂದರೆ ಮಾರ್ಕ್ಸ್‌ಗೆ ಅಸಡ್ಡೆ ಇರಲಿಲ್ಲ, ಇದನ್ನು ಕ್ಯಾಂಪ್ಕೊ ಹೆಸರು ತೆಗೆದವರಿಗೆ ಹೇಳುತ್ತಿದ್ದೇನೆ. 1864ರಲ್ಲಿ ಇಂಟರ್‌ನ್ಯಾಶನಲ್‌ನ (ಹಲವು ದೇಶಗಳ ಕಾರ್ಮಿಕರ ಸಂಘ) ಮೊದಲ ಭಾಷಣದಲ್ಲಿ ಹತ್ತು ಗಂಟೆ ಕಾನೂನನ್ನು ಹೊಗಳಿ, ಕಾರ್ಮಿಕರ ಸಹಕಾರಿ ಕಾರ್ಖಾನೆ ಅದಕ್ಕಿಂತಲೂ ದೊಡ್ಡ ಗೆಲುವು ಅಂದಿದ್ದಾನೆ. ಆದರೆ ಬೆಳೆಗಾರರ ಸಹಕಾರಿ ಬೇರೆ, ಕೆಲಸದವರ ಸಹಕಾರಿ ಬೇರೆ. ಅಡಿಕೆಗೆ ರೇಟು ಬಂದರೆ ಸುಲಿಯುವ ಹೆಂಗಸಿಗೆ ಎಷ್ಟು ಬಂತು, ಅದನ್ನು ಯಾವ ಮೀಟಿಂಗಿನಲ್ಲಿ ಕೇಳುತ್ತಾರೆ?

ಪೆರ್ಲದ ಹುಡುಗ:
ಅಜ್ಜ, ಆ ಅಧ್ಯಾಯ ನಿನ್ನೆ ರಾತ್ರಿ ಓದಿದೆ. ಇಷ್ಟು ದಿನ ಓದಿದ್ದರಲ್ಲಿ ಸುಲಭಕ್ಕೆ ಅರ್ಥ ಆದದ್ದು ಅದೊಂದೇ. ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು ಇದನ್ನು ಬರೆದದ್ದು ಯಾವಾಗ ಅಂತ ಎರಡು ಸಲ ಕೇಳಿದ.

ಹತ್ತು ಸೆಂಟ್ಸು:
ನನ್ನ ಹೆಸರಿನ ಅರ್ಥ ಗೊತ್ತಿಲ್ಲದವರಿಗೆ: ಒಕ್ಕಲಿಗೆ ಗದ್ದೆ ಸಿಕ್ಕಿತು, ಗದ್ದೆಯಲ್ಲಿ ಬಗ್ಗಿದವರಿಗೆ ಗುಡಿಸಲಿನ ಸುತ್ತ ಹತ್ತು ಸೆಂಟ್ಸು ಸಿಕ್ಕಿತು. ಪಂಚಾಯತಿನಲ್ಲಿ ಲೆಕ್ಕ ಅಷ್ಟೇ. ಚಹಾ, ಕಾಫಿ, ರಬ್ಬರು, ಏಲಕ್ಕಿ ಎಸ್ಟೇಟುಗಳನ್ನು ಕಾನೂನು ಮುಟ್ಟಲೇ ಇಲ್ಲ. ನಮ್ಮ ಜಾತಿಯವರು ಎಲ್ಲಿ ನಿಂತಿದ್ದರೋ ಹೆಚ್ಚು ಕಡಿಮೆ ಅಲ್ಲೇ ನಿಂತರು. ಹಾಗಾಗಿ ಇಬ್ಬರಿಗೂ ನನ್ನ ತಕರಾರು ಇದೆ. ತೋಟದ ಅಣ್ಣನಿಗೆ: ಮುಗಿದದ್ದು ನಿಮ್ಮ ಕೆಲಸ. ಬ್ರಾಂಚಿನ ಅಜ್ಜನಿಗೆ: ನಿಮ್ಮ ಬ್ರಾಂಚಿನ ಕತೆ ಚಂದ ಇದೆ, ಆದರೆ 2025ರ ಫೆಬ್ರವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿರುವನಂತಪುರದಲ್ಲಿ ಸೆಕ್ರೆಟರಿಯೇಟಿನ ಎದುರು ಕೂತರಲ್ಲ, 7 ಸಾವಿರದ ಗೌರವಧನ 21 ಸಾವಿರ ಮಾಡಿ ಅಂತ, ಆಗ ಒಳಗೆ ಕುರ್ಚಿಯಲ್ಲಿ ಇದ್ದದ್ದು ಎಡಪಕ್ಷಗಳದ್ದೇ ಸರ್ಕಾರ. ಕೂಲಿ ಅಂತ ಹೇಳಿದರೆ ಕಾನೂನು ಬರುತ್ತದೆ. ಅದಕ್ಕೇ ‘ಗೌರವಧನ’. ಪಾರ್ಟ್‌ನರ್ ಅಂದ ಹಾಗೆಯೇ ಇದೂ.

ಬಂಗಾಳದ ಹುಡುಗರ ವಿಷಯ. ಮಾರ್ಕ್ಸ್ 1870ರಲ್ಲಿ ಒಂದು ಕಾಗದ ಬರೆದಿದ್ದ. ಇಂಗ್ಲೆಂಡಿನ ಕೆಲಸಗಾರ ಐರಿಷ್ ಕೆಲಸಗಾರನನ್ನು ದ್ವೇಷಿಸುತ್ತಾನೆ, ಇವನಿಂದ ನನ್ನ ಕೂಲಿ ಇಳಿಯಿತು ಅಂತ. ಇಂಗ್ಲಿಷ್ ಕಾರ್ಮಿಕ ಸಂಘಟನೆ ಇದ್ದರೂ ಬಲ ಇಲ್ಲದ ಗುಟ್ಟು ಇದೇ ಅಂದ. ನಮ್ಮಲ್ಲಿ ಮಳೆ ಬಂದು ಕೆಲಸ ನಿಂತ ದಿನ ಆ ಹುಡುಗರು ಎಂತ ತಿನ್ನುತ್ತಾರೆ ಅಂತ ಎಷ್ಟು ಮಂದಿ ಕೇಳಿದ್ದೇವೆ? ಹೊಸ ಚಳವಳಿ ಅಂತ ಇದ್ದರೆ ನನಗೆ ಅದು ಅಲ್ಲಿಂದ ಶುರುವಾಗಬೇಕು.

ಭಾಷೆ ವಿಷಯವೂ ಇದೆ. ಮಂಜೇಶ್ವರದಲ್ಲಿ 1970, 77ರಲ್ಲಿ ರಾಮಪ್ಪ, 80, 82ರಲ್ಲಿ ಸುಬ್ಬರಾವ್, ಇಬ್ಬರೂ ಸಿಪಿಐಯವರು, ಅಸೆಂಬ್ಲಿಗೆ ಗೆದ್ದು ಬಂದಿದ್ದರು. ಕನ್ನಡದಲ್ಲಿ ಮಾತಾಡಿದರೆ ಇಲ್ಲಿಯ ಜನ ಕಿವಿ ಕೊಡುತ್ತಿದ್ದರು ಅಂತಾಯಿತಲ್ವಾ? ಈಗ ಕರಪತ್ರ ಮಲಯಾಳದಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ತುಳು. ಕನ್ನಡ ಉಳಿಸಿ ಅನ್ನುವವರು ಕೂಲಿ ಬಗ್ಗೆ ಬಾಯಿ ಬಿಡುವುದಿಲ್ಲ, ಕೂಲಿ ಅನ್ನುವವರಿಗೆ ಕನ್ನಡ ಬರುವುದಿಲ್ಲ.

ತೋಟದವ, ಬದಿಯಡ್ಕ:
ಹತ್ತು ಸೆಂಟ್ಸಿನ ಮಾತು ಒಪ್ಪಿದೆ ತಂಗಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಂದೂವರೆ ಎಕ್ರೆಯವನನ್ನು ದಣಿ ಅಂತ ಕರೆದರೆ ಅವನು ನಿಮ್ಮ ಜೊತೆ ಬರುವುದಿಲ್ಲ, ಇದು ಬರೆದಿಟ್ಟುಕೊಳ್ಳಿ. ಹಳದಿ ರೋಗ ಬಂದ ತೋಟದವನ ಕಿಸೆ ನೋಡಿದ್ದೀರಾ? ಬ್ಯಾಂಕಿನ ಸಾಲಕ್ಕೆ ಅವನೂ ರಾತ್ರಿ ನಿದ್ದೆ ಬಿಟ್ಟವನೇ.

ಹಳೇ ಬ್ರಾಂಚು:
ಅದು ಸರಿ. 1941ರಲ್ಲಿ ನಮ್ಮ ಕಯ್ಯೂರಿನಲ್ಲಿ ಜಮೀನ್ದಾರರ ಎದುರು ಎದ್ದವರೂ ಒಕ್ಕಲುಗಳೇ, ಗಿರಣಿಯವರಲ್ಲ. 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ಅವರಲ್ಲಿ ನಾಲ್ವರನ್ನು ಗಲ್ಲಿಗೆ ಹಾಕಿದರು. ನಮ್ಮ ಕಡೆ ಚಳವಳಿ ಯಾವತ್ತೂ ಪುಸ್ತಕದಲ್ಲಿ ಇದ್ದ ಹಾಗೆ ಬಂದದ್ದಿಲ್ಲ. ತಂಗಿ ಆಶಾದವರ ಬಗ್ಗೆ ಕೇಳಿದ್ದಕ್ಕೆ ನಾನು ಸಮರ್ಥನೆ ಹೇಳುವುದಿಲ್ಲ, ನನಗೂ ನೋವಾಗಿದೆ.

ಪೆರ್ಲದ ಹುಡುಗ:
ಎಲ್ಲರಿಗೂ ಧನ್ಯವಾದ. ನಾನು ಎಣಿಸಿದ್ದಕ್ಕಿಂತ ಜಾಸ್ತಿ ಸಿಕ್ಕಿತು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸದವರಿಗೆ, ಅಂದರೆ ತಮ್ಮನ ಹಾಗೆ ಆ್ಯಪಿನಲ್ಲಿ ದುಡಿಯುವವರಿಗೆ, ಕಾನೂನು ಬಂದಿದೆ. ಪ್ರತಿ ಕೆಲಸದ ಕೂಲಿಯ ಮೇಲೆ ಕಂಪನಿ 1ರಿಂದ 5 ಶೇಕಡಾ ವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ತಮ್ಮನಿಗೆ ಇದು ಗೊತ್ತೇ ಇರಲಿಲ್ಲ, ಅವನ ಜೊತೆಯವರಿಗೂ ಇಲ್ಲ. ಅವರು ಮಧ್ಯಾಹ್ನ ಆರ್ಡರ್ ಕಾಯುತ್ತಾ ಒಂದು ಹೋಟೆಲಿನ ಎದುರು ಮರದ ಅಡಿಯಲ್ಲಿ ಹತ್ತು ಹನ್ನೆರಡು ಜನ ಇರುತ್ತಾರಂತೆ. ಮುಂದಿನ ವಾರ ನಾನೇ ಹೋಗಿ ಕಾನೂನನ್ನೂ ಆ ಅಧ್ಯಾಯವನ್ನೂ ಓದಿ ಹೇಳಬೇಕು ಅಂತ ಇದ್ದೇನೆ. ಅಜ್ಜ, ನಿಮ್ಮ ಬ್ರಾಂಚಿನಲ್ಲಿ ಹೀಗೆ ಓದುವ ಕ್ರಮ ಇತ್ತಂತೆ ಹೌದಾ?

ಹಳೇ ಬ್ರಾಂಚು:
ಇತ್ತು. ಒಬ್ಬ ಪೇಪರ್ ಜೋರಾಗಿ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು. ಕೈಗೆ ಕೆಲಸ, ಕಿವಿ ಖಾಲಿ. ಓದಿದವನ ಪಾಲಿನ ಬೀಡಿ ನಾವು ಹಂಚಿಕೊಂಡು ಕಟ್ಟಿ ಕೊಡುತ್ತಿದ್ದೆವು, ಅವನ ಕೂಲಿ ಹೋಗುತ್ತಿರಲಿಲ್ಲ. ನಿನ್ನ ಮರದಡಿಯವರಿಗೆ ನಡುವೆ ಫೋನು ಬಡಿದರೆ ಎದ್ದು ಓಡಬೇಕು. ಅಧ್ಯಾಯ ಆಮೇಲೆ ಓದು. ಒಬ್ಬ ಕೂತು ಕೇಳುವಾಗ ಅವನ ಆರ್ಡರ್ ಯಾರು ಮುಟ್ಟಿಸುವುದು, ದುಡ್ಡು ಯಾರಿಗೆ ಹೋಗುವುದು, ಆ್ಯಪು ಅದಕ್ಕೆ ಬಿಡುತ್ತದಾ, ಮೊದಲು ಅದನ್ನು ಕೇಳಿಕೊಂಡು ಬಾ.