ವೈಜ್ಞಾನಿಕ ಕಾದಂಬರಿ ಧಾಟಿಯ ಸರಣಿಗಳಲ್ಲಿನ ಬಂದೂಕುಗಳ ಮೂಲ ಗುರುತಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: 2019ರಲ್ಲಿ ಆರಂಭವಾದ, ‘ಸ್ಟಾರ್ ವಾರ್ಸ್’ ಚಿತ್ರಗಳ ಲೋಕದಲ್ಲೇ ನಡೆಯುವ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಕಾಣುವ ಬಂದೂಕುಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅವುಗಳಲ್ಲಿ ಕೆಲವಕ್ಕೆ ನಿಜವಾದ ಹಳೆಯ ಬಂದೂಕುಗಳೇ ಆಧಾರ ಎಂದು ತಿಳಿದಿದೆ. ಆದರೆ ಪರದೆಯ ಮೇಲೆ ಅವು ಕಾಣಿಸಿಕೊಳ್ಳುವುದು ಕ್ಷಣಮಾತ್ರ, ಅದೂ ಕತ್ತಲಲ್ಲಿ. ಮೂಲ ಯಾವುದೆಂದು ನೀವು ಹೇಗೆ ನಿರ್ಧರಿಸುತ್ತೀರಿ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮೊದಲು ಸರಣಿಯ ಬಿಳಿ ಕವಚದ ಸೈನಿಕರ ಕೈಯಲ್ಲಿರುವ ಇ-11 ಬ್ಲಾಸ್ಟರ್ ಎಂಬ ಕಾಲ್ಪನಿಕ ಬಂದೂಕಿನಿಂದಲೇ ಆರಂಭಿಸಿ, ಏಕೆಂದರೆ ಕಣ್ಣನ್ನು ಪಳಗಿಸಲು ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಇದರ ಮೂಲ ವಿನ್ಯಾಸ 1977ರ ‘ಸ್ಟಾರ್ ವಾರ್ಸ್’ ಚಿತ್ರದ್ದು. ಆ ಚಿತ್ರದ ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್, ಬ್ರಿಟನ್ನಿನ ಸ್ಟರ್ಲಿಂಗ್ ಸಬ್‌ಮಷಿನ್ ಗನ್ನನ್ನು ತೆಗೆದುಕೊಂಡು, ಅದರ ನಳಿಗೆಯ ಸುತ್ತ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಅಂಟಿಸಿ, ಮೇಲೆ ಟ್ಯಾಂಕಿನ ಹಳೆಯ ದೂರದರ್ಶಕವನ್ನು ಕೂರಿಸಿ ಹೊಸ ಆಯುಧದ ರೂಪ ಕೊಟ್ಟರು. ಮೂಲದ, ಗುಂಡು ತುಂಬಿಡುವ ಬಾಗಿದ ಉದ್ದ ಮ್ಯಾಗಜಿನ್‌ನ ಜಾಗಕ್ಕೆ ಗಿಡ್ಡದೊಂದು ಬಂತು. ಇಷ್ಟೆಲ್ಲ ಮಾಡಿದರೂ ಮರೆಯಾಗದೆ ಉಳಿದ ಗುರುತುಗಳಿವೆ: ಪಟ್ಟಿಗಳ ನಡುವೆ ಇಣುಕುವ ನಳಿಗೆಯ ಕವಚದ ದುಂಡನೆಯ ರಂಧ್ರಗಳು, ಎಡಗಡೆಗೆ ಚಾಚಿಕೊಂಡ ಮ್ಯಾಗಜಿನ್, ನಳಿಗೆಯ ಕೆಳಗೆ ಮಡಚಿಕೊಳ್ಳುವ ಹಿಂಗಟ್ಟು (ಭುಜಕ್ಕೆ ಆನಿಸುವ ಭಾಗ). ಹೀಗೆ ಅಂಟಿಸಿದ್ದನ್ನೆಲ್ಲ ಮನಸ್ಸಿನಲ್ಲಿ ಕಳಚಿಹಾಕಿ ಉಳಿದದ್ದನ್ನು ನೋಡುವುದೇ ನಾನು ಅನುಸರಿಸುವ ಕ್ರಮ. ಅಲಂಕಾರವನ್ನು ಎಷ್ಟು ಬೇಕಾದರೂ ಬದಲಿಸಬಹುದು, ಆದರೆ ಮ್ಯಾಗಜಿನ್ ಸೇರುವ ಜಾಗ, ಕುದುರೆ (ಟ್ರಿಗರ್), ಹಿಡಿ ಇವುಗಳ ನಡುವಿನ ಅಂತರವನ್ನು ಬದಲಿಸುವುದು ಸುಲಭವಲ್ಲ.

ಅಂದ ಹಾಗೆ, ಸ್ಟರ್ಲಿಂಗ್ ನಮಗೆ ಅಪರಿಚಿತವೇನೂ ಅಲ್ಲ. ಕಾನ್ಪುರದ ಕಾರ್ಖಾನೆಯಲ್ಲಿ ತಯಾರಾದ ಇದೇ ಬಂದೂಕು ಕಾರ್ಬೈನ್ ಎಂಬ ಹೆಸರಿನಲ್ಲಿ ನಮ್ಮ ದೇಶದ ಪೊಲೀಸರ ಕೈಯಲ್ಲಿ ದಶಕಗಳಿಂದ ಇದೆ. ಅದರ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಸರಣಿಯ ದೃಶ್ಯವನ್ನು ನಿಲ್ಲಿಸಿ ಹೋಲಿಸಿ.

ನಾಯಕನ ಪಿಸ್ತೂಲಿನ ವಿಷಯ ಬೇರೆ. ಅದರ ರೂಪಕ್ಕೆ ಆಧಾರ 1894ರ ಬೆರ್ಗ್‌ಮನ್ ಪಿಸ್ತೂಲು. ಕುದುರೆಯ ಮುಂಭಾಗದಲ್ಲಿ ಮ್ಯಾಗಜಿನ್ ಇರುವುದನ್ನು ಕಂಡ ಕೂಡಲೇ ಅನೇಕರು ಅದನ್ನು ಮೌಸರ್ ಸಿ96 ಎಂದುಬಿಡುತ್ತಾರೆ, ಏಕೆಂದರೆ ಹಳೆಯ ‘ಸ್ಟಾರ್ ವಾರ್ಸ್’ ಚಿತ್ರಗಳಲ್ಲಿ ಹ್ಯಾನ್ ಸೋಲೋ ಎಂಬ ಪಾತ್ರ ಹಿಡಿದಿದ್ದ ಪಿಸ್ತೂಲಿಗೆ ಮೌಸರೇ ಮೂಲ. ಆದರೆ ಮೌಸರಿನ ಹಿಡಿ ಪೊರಕೆಯ ಹಿಡಿಕೆಯಂತೆ ದುಂಡಗೆ, ಸಪೂರವಾಗಿರುತ್ತದೆ. ಆದ್ದರಿಂದ ಒಂದೇ ಲಕ್ಷಣವನ್ನು ನಂಬಿ ಹೆಸರು ಬರೆಯಬೇಡಿ. ನಿಜವಾದ ಬಂದೂಕಿನ ಮೇಲೆಯೇ ಕಟ್ಟಿದ್ದು ಯಾವುದು, ಬರಿಯ ಆಕಾರವನ್ನು ಎರವಲು ಪಡೆದದ್ದು ಯಾವುದು ಎಂಬುದನ್ನೂ ನಿಮ್ಮ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ನಮೂದಿಸಬೇಕೆಂದು ನನ್ನ ಆಗ್ರಹ.

ಉತ್ತರ 2: ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಗುಂಡು ಹಾರಿಸುವ ದೃಶ್ಯ ಸಿಕ್ಕರೆ ಅದನ್ನು ಒಂದೊಂದೇ ಫ್ರೇಮಾಗಿ ಮುಂದೂಡಿ, ಖಾಲಿ ತೋಟಾಗಳು ಯಾವ ದಿಕ್ಕಿಗೆ ಸಿಡಿಯುತ್ತವೆ ಎಂದು ನೋಡಿ. 1997ರಿಂದ 2007ರವರೆಗೆ ಪ್ರಸಾರವಾದ ‘ಸ್ಟಾರ್‌ಗೇಟ್ ಎಸ್‌ಜಿ-1’ ಸರಣಿಯನ್ನು ನೋಡುತ್ತ ನಾನು ಇದನ್ನು ಕಲಿತೆ. ಆರಂಭದಲ್ಲಿ ಸರಣಿಯ ನಾಯಕ ತಂಡದ ಕೈಯಲ್ಲಿ ಜರ್ಮನಿಯ ಎಂಪಿ5 ಸಬ್‌ಮಷಿನ್ ಗನ್ ಇತ್ತು, ಮುಂದೆ ಬೆಲ್ಜಿಯಂನ ಎಫ್‌ಎನ್ ಪಿ90 ಬಂತು. ಪಿ90ಯ ಆಕಾರ ಎಷ್ಟು ವಿಚಿತ್ರವೆಂದರೆ ಅದು ಸರಣಿಗೆಂದೇ ಮಾಡಿದ ಆಟಿಕೆ ಎಂದು ಭಾವಿಸಿದವರನ್ನು ಕಂಡಿದ್ದೇನೆ. ಅದು ನಿಜವಾದ ಆಯುಧ. 50 ಗುಂಡುಗಳ, ಅರೆಪಾರದರ್ಶಕ ಮ್ಯಾಗಜಿನ್ ನಳಿಗೆಯ ಮೇಲೆ ಅದರ ಉದ್ದಕ್ಕೂ ಮಲಗಿರುತ್ತದೆ. ಅದರಲ್ಲಿ ಅಡ್ಡಡ್ಡವಾಗಿ ಕುಳಿತ ಗುಂಡುಗಳು ಒಳಗೆ ಸೇರುವಾಗ ಕಾಲು ಸುತ್ತು ತಿರುಗಿ ನಳಿಗೆಯ ನೇರಕ್ಕೆ ಬರುತ್ತವೆ. ಖಾಲಿ ತೋಟಾಗಳು ಬಲಕ್ಕೆ ಹಾರದೆ ನೇರ ಕೆಳಗೆ ಉದುರುತ್ತವೆ. ಈ ಕೊನೆಯ ಲಕ್ಷಣ ಕಂಡಿತೆಂದರೆ ಮೂಲ ಇರಬಹುದೆಂದು ಊಹಿಸಿದ ಬಹುಪಾಲು ಬಂದೂಕುಗಳನ್ನು ಕೈಬಿಡಬಹುದು.

ಹೊಡೆದಾಟ, ಜಿಗಿತಗಳಿರುವ ದೃಶ್ಯಗಳಿಗೆ ಸಾಮಾನ್ಯವಾಗಿ ರಬ್ಬರಿನ ಪ್ರತಿಕೃತಿಗಳನ್ನು ಬಳಸುತ್ತಾರೆ. ಅವುಗಳಲ್ಲಿ ಅಂಚುಗಳು ಮೊಂಡಾಗಿ, ಸ್ಕ್ರೂಗಳೂ ಸಂದುಗಳೂ ಒಂದರಲ್ಲೊಂದು ಕರಗಿದಂತೆ ಕಾಣುತ್ತವೆ. ಅಂಥ ದೃಶ್ಯವನ್ನು ಹಿಡಿದು ಮೂಲವನ್ನು ಊಹಿಸಬೇಡಿ. ಅದೇ ಆಯುಧ ಹತ್ತಿರದ ಶಾಟ್‌ನಲ್ಲಿ ಬರುವವರೆಗೆ ಕಾಯಿರಿ.

ಉತ್ತರ 3: ಬಂದೂಕಿನ ಹಿಂದಿನ ಜನ್ಮವನ್ನೂ ಹುಡುಕಿ. 2002ರ ‘ಫೈರ್‌ಫ್ಲೈ’ ಸರಣಿಯಲ್ಲಿ ಜೇನ್ ಎಂಬ ಪಾತ್ರ ‘ವೇರಾ’ ಎಂದು ಕರೆದು ಮುದ್ದಿಸುವ ದೊಡ್ಡ ಬಂದೂಕನ್ನು ಅದೇ ವರ್ಷದ ‘ಶೋಟೈಮ್’ ಚಲನಚಿತ್ರಕ್ಕಾಗಿ ರಷ್ಯದ ಸೈಗಾ-12 ಶಾಟ್‌ಗನ್‌ನ ಮೇಲೆ ಕಟ್ಟಲಾಗಿತ್ತು. ಸೈಗಾ ಎಕೆ-47ರಂಥ ಎಕೆ ಬಂದೂಕುಗಳ ವಂಶದ್ದು. ಹೀಗಾಗಿ ಸರಣಿಯೊಂದರಲ್ಲಿ ಸುಳಿವು ಸಿಗದಿದ್ದರೆ, ಅದೇ ವಸ್ತು ಕಾಣಿಸಿಕೊಂಡ ಬೇರೆ ಚಿತ್ರದ ಬೆಳಕಿನ ದೃಶ್ಯದಲ್ಲಿ ಸಿಗಬಹುದು. ಇದೇ ಸರಣಿಯ ನಾಯಕ ಮ್ಯಾಲ್‌ನ ಪಿಸ್ತೂಲು ಮಾತ್ರ ಈ ಎಲ್ಲ ಉಪಾಯಗಳಿಗೂ ಕಷ್ಟ ಕೊಡುತ್ತದೆ. ಅದರೊಳಗೆ ಇರುವುದು ಟಾರಸ್ 85 ರಿವಾಲ್ವರ್, ಆದರೆ ಹೊರಗಿನ ಲೋಹದ ಹೊದಿಕೆ ಅದನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಟ್ಟಿದೆ. ಅಂಥವುಗಳಿಗೆ ದೃಶ್ಯಗಳ ಆಧಾರ ಸಾಲದು. ತಯಾರಿಸಿದವರ ಸಂದರ್ಶನಗಳನ್ನೂ, ಹರಾಜಿಗೆ ಬಂದಾಗ ಪ್ರಕಟವಾಗುವ ಸ್ಪಷ್ಟ ಛಾಯಾಚಿತ್ರಗಳನ್ನೂ ನೋಡಿ. ಅವೂ ಸಿಗದಿದ್ದರೆ ಪಟ್ಟಿಯಲ್ಲಿ ಆ ಜಾಗವನ್ನು ಖಾಲಿ ಬಿಡಿ.