ಸಹಾಯ ಬೇಕು: ಫಿಲಿಪೈನ್ಸ್‌ನ ಹಳೇ ಚರ್ಚ್ ರೆಕಾರ್ಡ್ ಓದೋರು ಇದೀರಾ?

ಎಲ್ರಿಗೂ ನಮಸ್ಕಾರ. ನನ್ನ ಹೆಂಡ್ತಿ ತಾಯಿ ಕಡೆಯೋರು ಫಿಲಿಪೈನ್ಸ್‌ನ ಅಲ್ಬಾಯ್ ಪ್ರಾಂತ್ಯದ ಓವಾಸ್ ಊರಿನೋರು. ಸರ್‌ನೇಮ್ ಸ್ಪ್ಯಾನಿಶ್ ಇದೆ ಅಂತ ನಮ್ಮ ಮನೇಲೆಲ್ಲ ಸ್ಪೇನ್ ರಕ್ತ ಅಂದ್ಕೊಂಡಿದಾರೆ, ಆದ್ರೆ 1849ರಲ್ಲಿ ಅಲ್ಲಿನ ಸ್ಪ್ಯಾನಿಶ್ ಗವರ್ನರ್ ಕ್ಲಾವೆರಿಯಾ ಆರ್ಡರ್ ಮಾಡಿ ಎ-ಬಿ-ಸಿ ಕ್ರಮದ ಒಂದು ಕ್ಯಾಟಲಾಗ್‌ನಿಂದ ಊರೂರಿಗೆ ಸರ್‌ನೇಮ್ ಹಂಚಿಸಿದ್ದು, ಟ್ಯಾಕ್ಸ್ ಲೆಕ್ಕ ಸಲೀಸಾಗ್ಲಿ ಅಂತ, ಅದಕ್ಕೇ ಓವಾಸ್‌ನಲ್ಲಿ ಇವತ್ತಿಗೂ ಎಷ್ಟೋ ಮನೆತನದ ಹೆಸ್ರು ಆರ್ ಅಕ್ಷರದಿಂದಾನೇ ಶುರು (ಒಳ್ಳೆ ರೇಷನ್ ಹಂಚಿದಂಗೆ!). ಹಂಗಾಗಿ ಹೆಸ್ರು ನಂಬ್ಕೊಂಡು ವಂಶ ಹೇಳಕ್ಕಾಗಲ್ಲ. ಅಜ್ಜಿ ಕಡೆ ಚೀನಾ ಮೂಲ ಅಂತಾನೂ ಮಾತಿದೆ.

ಬ್ಯಾಪ್ಟಿಸಂ ರಿಜಿಸ್ಟರ್ ಸ್ಕ್ಯಾನ್ ಸಿಕ್ಕಿದೆ, ಸ್ಪ್ಯಾನಿಶ್ ಕೈಬರಹ, ಒಂದು ಸಾಲೂ ತಲೆಗೆ ಹತ್ತುತಿಲ್ಲ. ‘ಇಂಡಿಯೋ’ (ಅಲ್ಲಿನ ಮೂಲದೋರು), ‘ಮೆಸ್ತಿಸೋ ದೆ ಸಾಂಗ್ಲೆ’ (ಚೀನಾದೋರು-ಸ್ಥಳೀಯರು ಬೆರೆತ ಮನೆತನದೋರು) ಅಂತ ಎಲ್ಲಾದ್ರೂ ಇದ್ಯಾ ಅಂತ ನೋಡಿ ಹೇಳಿದ್ರೂ ಸಾಕು. 1849ಕ್ಕಿಂತ ಹಿಂದಿನ ಹೆಸ್ರು ಹೊಸದಕ್ಕೆ ಹೊಂದಿಸೋದು ಹೆಂಗೆ ಅಂತ ಗೊತ್ತಿರೋರು ಕಾಮೆಂಟ್ ಮಾಡಿ ಪ್ಲೀಸ್, ಸ್ಕ್ಯಾನ್ ಕಳಿಸ್ತೀನಿ.